ಮನಸ್ಸಿನ ಮಾತ್ರೆ ಬರೆಯುವ ಚೀಟಿಯಲ್ಲೇ ಸೊಂಟದ ಅಳತೆಯೂ ಇರಲಿ

ಸ್ಕಿಜೋಫ್ರೇನಿಯಾದಂಥ ಕಾಯಿಲೆಯೊಂದಿಗೆ ಇಪ್ಪತ್ತು ವರ್ಷ ಏಗಿದವರು ಐವತ್ತು ತುಂಬುವ ಮೊದಲೇ ತೀರಿಕೊಂಡರೆ ನಮ್ಮ ಊರುಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ‘ಪಾಪ, ಬಿಡುಗಡೆ ಆಯ್ತು ಬಿಡಿ.’ ಆ ಮಾತಿನಲ್ಲಿ ಕರುಣೆ ಇದೆ, ಮನೆಯವರ ಬವಣೆ ಕಂಡವರ ನಿಟ್ಟುಸಿರೂ ಇದೆ. ಆದರೆ ಅವರು ಸತ್ತದ್ದು ಯಾವುದರಿಂದ ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಬೇರೆ ಯಾರಾದರೂ 48ನೇ ವಯಸ್ಸಿಗೆ ಎದೆನೋವು ಬಂದು ಹೋದರೆ ‘ಶುಗರ್ ಇತ್ತಾ, ಬಿಪಿ ಇತ್ತಾ, ಮೊದಲೇ ತೋರಿಸಿರಲಿಲ್ವಾ’ ಎಂದು ಬಿಡಿಸಿ ಬಿಡಿಸಿ ಕೇಳುವ ನಾವು, ಮನೋರೋಗ ಇದ್ದವರ ವಿಷಯದಲ್ಲಿ ಮಾತ್ರ ಆ ಒಂದು ರೋಗದ ಹೆಸರಿನಲ್ಲೇ ಎಲ್ಲವನ್ನೂ ಕಟ್ಟಿಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ. ಸಾಯುವುದು ಬಹುಪಾಲು ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಶ್ವಾಸಕೋಶದ ರೋಗಗಳಿಂದ. ಅಂದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ದಿನವೂ ಪತ್ತೆ ಹಚ್ಚುವ, ದಿನವೂ ಮಾತ್ರೆ ಕೊಡುವ ಕಾಯಿಲೆಗಳಿಂದ.

ಈ ಲೆಕ್ಕ ಯಾರೋ ದೂರದವರದು ಎಂದುಕೊಳ್ಳುವ ಹಾಗಿಲ್ಲ. 2015–16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ 0.8ರಷ್ಟು ಮಂದಿಗೆ ಆ ಹೊತ್ತಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವುದನ್ನು ಕಂಡುಕೊಂಡಿತು. ಕರ್ನಾಟಕ ಆ 12ರಲ್ಲಿ ಇರಲಿಲ್ಲ. ಆದರೂ ಅದೇ ಪ್ರಮಾಣವನ್ನು ಹಿಡಿದರೆ ನಮ್ಮ ರಾಜ್ಯದಲ್ಲಿ ಇಂಥವರ ಸಂಖ್ಯೆ ಸುಮಾರು 4 ಲಕ್ಷ. ಒಬ್ಬೊಬ್ಬರ ಆಯುಷ್ಯದಿಂದ ಹತ್ತು ವರ್ಷ ಕಳೆದರೂ 40 ಲಕ್ಷ ವರ್ಷಗಳ ಬದುಕು. ಇಷ್ಟು ದೊಡ್ಡ ನಷ್ಟ ಯಾವ ಸದನದ ಚರ್ಚೆಗೂ ಬರುವುದಿಲ್ಲ, ಯಾವ ಪತ್ರಿಕೆಯ ಮುಖಪುಟಕ್ಕೂ ಏರುವುದಿಲ್ಲ. ನನ್ನ ವಾದ ಸರಳ: ಮನಸ್ಸಿನ ಕಾಯಿಲೆಗೆ ಮಾತ್ರೆ ಬರೆಯುವ ಜಾಗವೇ ಆ ರೋಗಿಯ ದೇಹಕ್ಕೂ ಹೊಣೆ ಹೊರಬೇಕು. ಅದೇ ಚೀಟಿಯಲ್ಲಿ, ಅದೇ ದಿನ, ತೂಕ, ಸೊಂಟದ ಸುತ್ತಳತೆ, ಬಿಪಿ, ಶುಗರ್ ಬರೆಯಬೇಕು. ಬರೆದ ಅಂಕಿ ಏರಿದರೆ ಏನು ಮಾಡಬೇಕೆಂಬುದೂ ಅಲ್ಲೇ ತೀರ್ಮಾನವಾಗಬೇಕು.

ಈ ವಾದಕ್ಕೆ ಮೊದಲು ಎದುರಾಗುವ ಆಕ್ಷೇಪ, ಇವರಲ್ಲಿ ಬೇಗ ಸಾಯುವವರು ಆತ್ಮಹತ್ಯೆ ಮಾಡಿಕೊಂಡವರಲ್ಲವೇ, ಅದಕ್ಕೂ ಬಿಪಿಗೂ ಏನು ಸಂಬಂಧ ಎಂಬುದು. ಆತ್ಮಹತ್ಯೆಯ ಅಪಾಯ ನಿಜ, ಅದನ್ನು ತಡೆಯುವ ಕೆಲಸಕ್ಕೆ ಎಷ್ಟು ಒತ್ತು ಕೊಟ್ಟರೂ ಸಾಲದು. ಆದರೆ ಒಟ್ಟು ಲೆಕ್ಕ ಬೇರೆಯೇ ಹೇಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮಾನಸಿಕ ಚಿಕಿತ್ಸೆ ಪಡೆದವರ ದಾಖಲೆಗಳನ್ನು ಮರಣ ದಾಖಲೆಗಳ ಜೊತೆ ಜೋಡಿಸಿ 1985ರಿಂದ 2005ರವರೆಗೆ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಉಳಿದ ಜನರಿಗೆ ಹೋಲಿಸಿದರೆ ಇವರಲ್ಲಿ ಹೆಚ್ಚಾಗಿ ಸಂಭವಿಸಿದ ಸಾವುಗಳಲ್ಲಿ ಆತ್ಮಹತ್ಯೆಯ ಪಾಲು ಶೇ 13.9, ದೈಹಿಕ ಕಾಯಿಲೆಗಳ ಪಾಲು ಶೇ 77.7. ಅದೇ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುವಂಥದ್ದು. ಗಂಡಸರಲ್ಲಿ ಆಯುಷ್ಯದ ಅಂತರ 13.5 ವರ್ಷ ಇದ್ದದ್ದು ಇಪ್ಪತ್ತು ವರ್ಷಗಳಲ್ಲಿ 15.9ಕ್ಕೆ ಏರಿತು, ಹೆಂಗಸರಲ್ಲಿ 10.4ರಿಂದ 12ಕ್ಕೆ. ಆಸ್ಟ್ರೇಲಿಯಾದಂಥ ಸಿರಿವಂತ ದೇಶದಲ್ಲಿ, ವೈದ್ಯಕೀಯ ಇಷ್ಟೊಂದು ಮುಂದುವರಿದ ಕಾಲದಲ್ಲಿ ಅಂತರ ಕಿರಿದಾಗಬೇಕಿತ್ತು. ಆದದ್ದೇನೆಂದರೆ, ಬಿಪಿ ಮಾತ್ರೆ, ಕೊಲೆಸ್ಟರಾಲ್ ಮಾತ್ರೆ, ಸ್ಟೆಂಟು, ಧೂಮಪಾನ ಬಿಡಿಸುವ ಪ್ರಚಾರ ಎಲ್ಲವೂ ಉಳಿದವರ ಆಯುಷ್ಯವನ್ನು ಮುಂದಕ್ಕೆ ಒಯ್ದವು. ಇವರು ಮಾತ್ರ ಹಿಂದೆ ಉಳಿದರು. ಹಳೆಯ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ಕ್ಷಯವೂ ಭೇದಿಯೂ ರೋಗಿಗಳನ್ನು ಕೊಲ್ಲುತ್ತಿದ್ದವು. ಇಂದು ಅದೇ ಜಾಗವನ್ನು ಶುಗರ್, ಬಿಪಿಗಳು ಹಿಡಿದಿವೆ.

ಕಾರಣಗಳ ಪೈಕಿ ಹೇಳಲು ಕಷ್ಟವಾದದ್ದನ್ನು ಮೊದಲು ಹೇಳುತ್ತೇನೆ. 1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಾಜಿನ್ ಬಳಕೆಗೆ ಬಂದಂದಿನಿಂದ ಈ ಔಷಧಗಳು ಲಕ್ಷಾಂತರ ಮಂದಿಯನ್ನು ಬೀಗ ಹಾಕಿದ ಕೋಣೆಗಳಿಂದ ಮನೆಗೆ ಕರೆತಂದಿವೆ. ಆಮೇಲೆ ಬಂದ ಓಲಾಂಜಪಿನ್, ಕ್ಲೋಜಪಿನ್‌ನಂಥವು ಕೈಕಾಲು ಸೆಟೆಯುವ, ನಡುಗುವ ತೊಂದರೆಯನ್ನು ಬಹಳ ಕಡಿಮೆ ಮಾಡಿದವು. ಆದರೆ ಇವೇ ಎರಡು ಮಾತ್ರೆಗಳು ಹಸಿವನ್ನು ಕೆರಳಿಸುವುದರಲ್ಲೂ ತೂಕ ಏರಿಸುವುದರಲ್ಲೂ ಎಲ್ಲಕ್ಕಿಂತ ಮುಂದಿವೆ. ಊಟ ಮಾಡಿ ತಟ್ಟೆ ಎತ್ತಿದ ಅರ್ಧ ಗಂಟೆಗೆ ಮತ್ತೆ ಅನ್ನದ ಪಾತ್ರೆ ತೆರೆಯುವ ಹಸಿವು ಅದು. ಅದನ್ನು ತಡೆದುಕೊಳ್ಳುವುದು ಬರೀ ಮನಸ್ಸಿನ ಗಟ್ಟಿತನದಿಂದ ಆಗುವ ಕೆಲಸವಲ್ಲ. ಮೊದಲ ಕೆಲವು ವಾರಗಳಲ್ಲೇ ಪ್ಯಾಂಟು, ರವಿಕೆ ಬಿಗಿಯಾಗತೊಡಗುತ್ತವೆ. ಮನೆಯವರಿಗೆ ಅದು ‘ಈಗ ಮೈ ಕೈ ತುಂಬಿಕೊಂಡಿದೆ, ಗುಣ ಆಗ್ತಿದೆ’ ಎಂಬ ಸಮಾಧಾನದ ಗುರುತಾಗಿ ಕಾಣುವುದೂ ಉಂಟು. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನದು ಇನ್ನೊಂದು ಬಗೆ; ಅದನ್ನು ತೆಗೆದುಕೊಳ್ಳುವವರ ಥೈರಾಯ್ಡ್, ಮೂತ್ರಪಿಂಡಗಳ ಮೇಲೆ ಕಣ್ಣಿಟ್ಟಿರಬೇಕು. ಇದಾವುದೂ ಗುಟ್ಟಿನ ವಿಷಯವಲ್ಲ. 2004ರಲ್ಲೇ ಅಮೆರಿಕದ ಮಧುಮೇಹ ತಜ್ಞರ ಸಂಘವೂ ಮನೋವೈದ್ಯರ ಸಂಘವೂ ಒಟ್ಟಿಗೆ ಕೂತು ವೇಳಾಪಟ್ಟಿಯನ್ನೇ ಬರೆದಿವೆ: ಮಾತ್ರೆ ಶುರುಮಾಡುವ ಮೊದಲು ತೂಕ, ಸೊಂಟ, ಬಿಪಿ, ಶುಗರ್, ಕೊಬ್ಬಿನಂಶ ನೋಡಬೇಕು, 4, 8, 12ನೇ ವಾರಕ್ಕೆ ತೂಕ, 12ನೇ ವಾರಕ್ಕೆ ಮತ್ತೆ ರಕ್ತಪರೀಕ್ಷೆ, ಆಮೇಲೆ ವರ್ಷ ವರ್ಷವೂ ಬಿಪಿ, ಶುಗರ್. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇಂಥದ್ದೇ ಮಾರ್ಗಸೂಚಿ ಹೊರಡಿಸಿತು.

ನಮ್ಮವರಿಗೆ ತೂಕದ ಯಂತ್ರವೊಂದೇ ಸಾಲದು. ದಕ್ಷಿಣ ಏಷ್ಯಾದವರ ಮೈಕಟ್ಟು ನೋಡಲು ತೆಳುವಾಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಸಕ್ಕರೆ ಕಾಯಿಲೆಯ ಬಾಗಿಲು ತೆರೆಯುವುದು ಆ ಕೊಬ್ಬು. ಅದಕ್ಕಾಗಿಯೇ ನಮ್ಮ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟವನ್ನೇ ಎಚ್ಚರಿಕೆಯ ಗೆರೆ ಎಂದು ಗುರುತಿಸಿದ್ದಾರೆ. ಪಾಶ್ಚಾತ್ಯರಿಗೆ ಇಟ್ಟ ಗೆರೆಗಿಂತ ಇದು ಕೆಳಗಿದೆ. ದರ್ಜಿಯ ಅಂಗಡಿಯಲ್ಲಿ ಕೊರಳಿಗೆ ಜೋತುಬಿದ್ದಿರುವ ಟೇಪನ್ನು ನೆನಪಿಸಿಕೊಳ್ಳಿ. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಅದನ್ನು ಸುತ್ತಿ, ಉಸಿರು ಬಿಟ್ಟಾಗ ಅಂಕಿ ಓದಿಕೊಳ್ಳಬೇಕು. ಒಂದು ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗಳಲ್ಲಿ ತುಂಬಿಸಿಕೊಳ್ಳುವ ನಮೂನೆಯಲ್ಲಿ ಈ ಅಳತೆಗೆ ಒಂದು ಜಾಗವಿದೆ. ಆದರೆ ಸ್ಕಿಜೋಫ್ರೇನಿಯಾ ಬಹುತೇಕ ಕಾಣಿಸಿಕೊಳ್ಳುವುದು ಹದಿಹರೆಯ ಮುಗಿಯುವ ಹೊತ್ತಿಗೆ, ಇಪ್ಪತ್ತರ ಆಸುಪಾಸಿಗೆ. 22ಕ್ಕೆ ಮಾತ್ರೆ ಶುರುಮಾಡಿದ ಹುಡುಗ 30 ಮುಟ್ಟುವವರೆಗೆ ಈ ತಪಾಸಣೆಯ ಲೆಕ್ಕಕ್ಕೇ ಸಿಗುವುದಿಲ್ಲ. ಅಪಾಯ ಶುರುವಾಗುವ ಎಂಟು ವರ್ಷ ಅವನನ್ನು ಅಳೆಯುವುದು ಯಾರ ಕರ್ತವ್ಯವೂ ಆಗಿರುವುದಿಲ್ಲ.

ಇಷ್ಟನ್ನು ಓದಿದ ಕುಟುಂಬವೊಂದು ನಾಳೆ ಬೆಳಿಗ್ಗೆ ಮಾತ್ರೆಗಳನ್ನು ತೆಗೆದು ಬದಿಗಿಡುವ ಸಾಧ್ಯತೆ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಈ ವಿಷಯದಲ್ಲಿ ಅತಿ ದೊಡ್ಡ ಸಾಕ್ಷ್ಯ ಫಿನ್ಲೆಂಡಿನದು. ಅಲ್ಲಿ ಸ್ಕಿಜೋಫ್ರೇನಿಯಾ ಇದ್ದ 62,250 ಮಂದಿಯನ್ನು ಇಪ್ಪತ್ತು ವರ್ಷಗಳವರೆಗೆ ದಾಖಲೆಗಳ ಮೂಲಕ ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಹೊರಬಂತು. ಔಷಧವಿಲ್ಲದ ಅವಧಿಗಳ ಲೆಕ್ಕದಲ್ಲಿ ಇಪ್ಪತ್ತು ವರ್ಷದ ಒಟ್ಟು ಸಾವಿನ ಪ್ರಮಾಣ ಶೇ 46.2, ಯಾವುದಾದರೂ ಮನೋರೋಗದ ಔಷಧ ತೆಗೆದುಕೊಂಡ ಅವಧಿಗಳಲ್ಲಿ ಶೇ 25.7. ತೂಕ ಏರಿಸುವುದರಲ್ಲಿ ಕುಖ್ಯಾತವಾದ ಕ್ಲೋಜಪಿನ್ ತೆಗೆದುಕೊಂಡವರಲ್ಲಿ ಅದು ಶೇ 15.6. ಚಿಕಿತ್ಸೆ ಬಿಡುವವರಿಗೂ ಮುಂದುವರಿಸುವವರಿಗೂ ಬೇರೆ ವ್ಯತ್ಯಾಸಗಳೂ ಇರುತ್ತವೆ, ಹಾಗಾಗಿ ಇಡೀ ಅಂತರ ಮಾತ್ರೆಯೊಂದರಿಂದಲೇ ಬಂತೆಂದು ಹೇಳಲಾಗದು. ಆದರೂ ಮಾತ್ರೆ ಬಿಟ್ಟರೆ ಆಯುಷ್ಯ ಉಳಿಯುತ್ತದೆ ಎಂಬ ನಂಬಿಕೆಗೆ ಇಲ್ಲಿ ಯಾವ ಆಧಾರವೂ ಇಲ್ಲ. ಮನಸ್ಸು ಹತೋಟಿಯಲ್ಲಿ ಇದ್ದವರು ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಮಲಗುತ್ತಾರೆ, ನೋವಾದರೆ ಹೇಳುತ್ತಾರೆ, ವೈದ್ಯರ ಕೈಗೆ ಸಿಗುತ್ತಾರೆ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಪದೇ ಪದೇ ರಕ್ತಪರೀಕ್ಷೆಯ ನೆಪದಲ್ಲಾದರೂ ಆಸ್ಪತ್ರೆಯ ನಂಟು ಇರುತ್ತದೆ ಎಂಬುದನ್ನೂ ಮರೆಯಬಾರದು. ಮಾತ್ರೆ ಬೇಕು, ಅದರ ಜೊತೆಗೇ ಅಳತೆ ಬೇಕು.

ಆ ರಕ್ತಪರೀಕ್ಷೆಯ ಕಥೆಯನ್ನು ಇಲ್ಲಿ ತುಸು ನಿಂತು ನೋಡಬೇಕು. 1975ರಲ್ಲಿ ಫಿನ್ಲೆಂಡಿನಲ್ಲಿ ಕ್ಲೋಜಪಿನ್ ತೆಗೆದುಕೊಂಡ ಕೆಲವರು ಬಿಳಿ ರಕ್ತಕಣಗಳು ಕುಸಿದು ಸೋಂಕಿನಿಂದ ಸತ್ತರು. ಔಷಧವನ್ನು ಹಲವು ದೇಶಗಳು ಹಿಂದಕ್ಕೆ ತೆಗೆದುಕೊಂಡವು. ಬೇರೆ ಯಾವ ಮಾತ್ರೆಗೂ ಬಗ್ಗದ ರೋಗಕ್ಕೆ ಇದು ಬಗ್ಗುತ್ತದೆ ಎಂದು ಎಂಬತ್ತರ ದಶಕದ ಕೊನೆಗೆ ಸಾಬೀತಾದ ಮೇಲೆ ಕಟ್ಟುನಿಟ್ಟಾದ ಒಂದು ಕಟ್ಟಳೆಯೊಂದಿಗೆ ಮರಳಿ ಬಂತು: ಮೊದಲು ವಾರ ವಾರವೂ ರಕ್ತದ ಎಣಿಕೆ, ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುವುದು. ಆ ಶಿಸ್ತಿನಿಂದಾಗಿ ಆ ಕಾರಣದ ಸಾವು ಅಪರೂಪವಾಯಿತು. ಮನೋವೈದ್ಯಕೀಯಕ್ಕೆ ದೇಹವನ್ನು ಅಳೆಯಲು ಬರುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಅಪರೂಪದ, ಆದರೆ ದಿಢೀರನೆ ಬರುವ ಸಾವಿಗೆ ಕಟ್ಟಳೆ ಮಾಡಿಕೊಂಡೆವು. ಸಾಮಾನ್ಯವಾದ, ಆದರೆ ನಿಧಾನವಾಗಿ ಬರುವ ಸಾವನ್ನು ಒಬ್ಬೊಬ್ಬ ವೈದ್ಯರ ಶ್ರದ್ಧೆಗೆ ಬಿಟ್ಟೆವು. ಇದೇ ಕ್ಲೋಜಪಿನ್ ಕರುಳಿನ ಚಲನೆಯನ್ನೂ ತಗ್ಗಿಸುತ್ತದೆ. ತೀವ್ರ ಮಲಬದ್ಧತೆಯಾಗಿ ಕರುಳೇ ನಿಂತು ಜೀವ ಹೋಗುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿತು. ಅದನ್ನು ಪತ್ತೆ ಹಚ್ಚಲು ಯಂತ್ರ ಬೇಡ. ‘ಸಂಡಾಸು ಸಲೀಸಾಗಿ ಆಗ್ತಿದೆಯಾ, ಎಷ್ಟು ದಿನ ಆಯ್ತು?’ ಎಂದು ಯಾರಾದರೂ ಪ್ರತಿ ಸಲ ಕೇಳಬೇಕು, ಅಷ್ಟೆ.

ಮಾತ್ರೆಯ ಮೇಲೆ ಎಲ್ಲ ಹೊರೆ ಹೊರಿಸುವುದೂ ತಪ್ಪು. ಬೀಡಿ ಸಿಗರೇಟು, ಚಟುವಟಿಕೆಯಿಲ್ಲದ ದಿನಗಳು, ಕೆಲಸವಿಲ್ಲದೆ ಬರುವ ಬಡತನ, ಅನ್ನ ಮುದ್ದೆ ಬಿಟ್ಟು ತರಕಾರಿ ಹಣ್ಣು ಕಾಣದ ತಟ್ಟೆ, ಇವೆಲ್ಲ ಕೂಡಿ ಹೃದಯವನ್ನು ಸವೆಸುತ್ತವೆ. ‘ಬೀಡಿ ಸೇದಿ, ಹಗಲೆಲ್ಲ ಮಲಗಿ ಅವರೇ ತಂದುಕೊಂಡದ್ದು, ಯಾರು ಏನು ಮಾಡಲಾಗುತ್ತದೆ?’ ಎನ್ನುವವರಿದ್ದಾರೆ. ಸ್ಕಿಜೋಫ್ರೇನಿಯಾ ಎಂದರೆ ಕಿವಿಯಲ್ಲಿ ಮಾತು ಕೇಳಿಸುವುದು, ಅನುಮಾನ ಪಡುವುದು ಮಾತ್ರ ಎಂದು ತಿಳಿದವರಷ್ಟೇ ಹಾಗೆ ಹೇಳಬಹುದು. ಏನನ್ನೂ ಶುರುಮಾಡಲು ಮನಸ್ಸೇ ಏಳದಿರುವುದು, ಆಸೆ ಬತ್ತಿಹೋಗುವುದು ಆ ಕಾಯಿಲೆಯ ಲಕ್ಷಣಗಳೇ. ಕಾಲು ಮುರಿದವರನ್ನು ನಡೆಯಲಿಲ್ಲವೆಂದು ಬೈಯುವುದಿಲ್ಲವಲ್ಲ. ಇದಕ್ಕಿಂತ ಮುಖ್ಯವಾದದ್ದು, ಇವರು ಬದಲಾಗುವುದಿಲ್ಲ ಎಂಬ ತೀರ್ಪು ಪರೀಕ್ಷೆಗೆ ನಿಲ್ಲುವುದಿಲ್ಲ ಎಂಬುದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ತೀವ್ರ ಮಾನಸಿಕ ಕಾಯಿಲೆ ಇದ್ದ 291 ಮಂದಿ ಪಾಲ್ಗೊಂಡ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಗುಂಪಿನಲ್ಲಿ ವ್ಯಾಯಾಮ, ಊಟದ ಬಗ್ಗೆ ಸರಳವಾದ, ಮತ್ತೆ ಮತ್ತೆ ಹೇಳುವ ತಿಳಿವಳಿಕೆ ಸಿಕ್ಕವರು 18 ತಿಂಗಳ ಕೊನೆಗೆ ಉಳಿದವರಿಗಿಂತ ಸರಾಸರಿ 3.2 ಕಿಲೋ ಹೆಚ್ಚು ಇಳಿಸಿದ್ದರು. ಧೂಮಪಾನ ಬಿಡಿಸುವ ಔಷಧಗಳು ಮನೋರೋಗಿಗಳ ತಲೆ ಕೆಡಿಸುತ್ತವೆ ಎಂಬ ಭಯ ಬಹುಕಾಲ ಇತ್ತು. 8,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಆ ಭಯಕ್ಕೆ ಆಧಾರ ಕಾಣಲಿಲ್ಲ. ಮಾನಸಿಕ ಕಾಯಿಲೆ ಇದ್ದವರೂ ಆ ಔಷಧಗಳ ಬಲದಿಂದ ಸಿಗರೇಟು ಬಿಟ್ಟರು. ಒಂದು ಎಚ್ಚರ ಮಾತ್ರ ಬೇಕು. ಹೊಗೆಯಲ್ಲಿರುವ ರಾಸಾಯನಿಕಗಳು ಕ್ಲೋಜಪಿನ್, ಓಲಾಂಜಪಿನ್‌ಗಳನ್ನು ದೇಹ ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದನ್ನು ಒಮ್ಮೆಲೇ ನಿಲ್ಲಿಸಿದರೆ ಅದೇ ಡೋಸು ರಕ್ತದಲ್ಲಿ ಹೆಚ್ಚಾಗಿಬಿಡುತ್ತದೆ. ಬೀಡಿ ಬಿಟ್ಟ ಸುದ್ದಿ ಮಾತ್ರೆ ಬರೆಯುವವರ ಕಿವಿಗೆ ಬೀಳಲೇಬೇಕು. ದೇಹದ ವೈದ್ಯರು ಒಂದು ಕಡೆ, ಮನಸ್ಸಿನ ವೈದ್ಯರು ಇನ್ನೊಂದು ಕಡೆ ಇದ್ದರೆ ಅದು ಬೀಳುವುದು ಹೇಗೆ?

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ನೋವಿನ ಕಾರಣ: ಇವರ ಮಾತನ್ನು ನಾವು ನಂಬುವುದಿಲ್ಲ. ಹೃದಯಾಘಾತವಾದ ಹಲವರು ಹೇಳುವುದು ‘ಎದೆ ಮೇಲೆ ಕಲ್ಲು ಹೇರಿದಂಗಾಗ್ತಿದೆ, ಯಾರೋ ಕೂತಂಗಾಗ್ತಿದೆ’ ಎಂದೇ. ನಮ್ಮ ನಿಮ್ಮ ಬಾಯಲ್ಲಿ ಆ ಮಾತು ಬಂದರೆ ಐದು ನಿಮಿಷದಲ್ಲಿ ಇಸಿಜಿ ಪಟ್ಟಿ ಹೊರಬರುತ್ತದೆ. ಹಳೆಯ ಚೀಟಿಯ ಮೇಲೆ ಮನೋರೋಗದ ಹೆಸರಿರುವ ವ್ಯಕ್ತಿ ‘ಎದೆ ಮೇಲೆ ಯಾರೋ ಕೂತಿದಾರೆ’ ಎಂದರೆ, ಅದು ಭ್ರಮೆಯ ಪಟ್ಟಿಗೆ ಸೇರಿ, ನಿದ್ದೆ ಬರುವ ಇಂಜೆಕ್ಷನ್ ಆಗಿ ಮುಗಿಯುವ ಅಪಾಯ ಇದೆ. ಒಂದು ರೋಗದ ನೆರಳು ಇನ್ನೊಂದು ರೋಗವನ್ನು ಮುಚ್ಚುವ ಈ ದೋಷವನ್ನು ವೈದ್ಯಕೀಯ ಲೋಕ ಹಲವು ದಶಕಗಳಿಂದ ಬಲ್ಲದು. ಕೆಲವರಿಗೆ ಕಾಯಿಲೆಯ ಕಾರಣದಿಂದಲೇ ನೋವಿನ ಅರಿವು ಮಂದವಾಗಿರುತ್ತದೆ. ಅವರು ಕೂಗಿ ಹೇಳುವುದೂ ಇಲ್ಲ. ಅಮೆರಿಕದಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 65 ದಾಟಿದ 1 ಲಕ್ಷಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ನೋಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗೆ ಮನೋರೋಗ ಇದ್ದವರಿಗೆ ರಕ್ತನಾಳ ಬಿಡಿಸುವ ಚಿಕಿತ್ಸೆ ಸಿಕ್ಕಿದ್ದು ಉಳಿದವರಿಗಿಂತ ಗಣನೀಯವಾಗಿ ಕಡಿಮೆ. ಅಲ್ಲಿ ಖರ್ಚು ಭರಿಸುವ ಸರ್ಕಾರಿ ವಿಮೆ ಇಬ್ಬರಿಗೂ ಒಂದೇ ಇತ್ತು. ಕೋವಿಡ್ ಕಾಲದಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆ ಜಾಲವೊಂದರ ದಾಖಲೆಗಳಲ್ಲಿ, ಸೋಂಕಿತರ ಸಾವಿನೊಂದಿಗೆ ವಯಸ್ಸಿನ ನಂತರ ಅತಿ ಬಲವಾದ ನಂಟು ಕಂಡದ್ದು ಸ್ಕಿಜೋಫ್ರೇನಿಯಾಕ್ಕೆ. ಬಿಪಿ, ಶುಗರ್, ಸಿಗರೇಟನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಅಪಾಯ ಎರಡೂವರೆ ಪಟ್ಟಿಗಿಂತ ಹೆಚ್ಚಿತ್ತು.

ನಮ್ಮ ಕಾನೂನು ಈ ತಾರತಮ್ಯಕ್ಕೆ ಜಾಗ ಕೊಟ್ಟಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್, ಆರೋಗ್ಯ ಸೇವೆಗಳೆಲ್ಲದರಲ್ಲೂ ಮಾನಸಿಕ ಕಾಯಿಲೆ ಇರುವವರನ್ನು ದೈಹಿಕ ಕಾಯಿಲೆ ಇರುವವರಿಗೆ ಸಮನಾಗಿ ಕಾಣಬೇಕೆಂದು ಹೇಳುತ್ತದೆ. ಆಂಬುಲೆನ್ಸ್ ಕೂಡ ಅದೇ ಬಗೆಯಲ್ಲಿ, ಅದೇ ಗುಣಮಟ್ಟದಲ್ಲಿ ಸಿಗಬೇಕೆಂದು ಬಿಡಿಸಿ ಬರೆದಿದೆ. ಈ ಕಲಮಿನ ಬಗ್ಗೆ ಮಾತು ಬಂದಾಗಲೆಲ್ಲ ವಿಮೆಯ ವಿಷಯಕ್ಕೇ ಚರ್ಚೆ ನಿಲ್ಲುತ್ತದೆ. ಸಮಾನತೆ ಎಂದರೆ ಮನೋರೋಗಕ್ಕೂ ವಿಮೆ ಸಿಗುವುದಷ್ಟೇ ಆದರೆ ಅದು ಅರ್ಧ ಮಾತ್ರ. ಆ ರೋಗಿಯ ಎದೆನೋವಿಗೂ ಉಳಿದವರ ಎದೆನೋವಿಗೆ ಸಿಗುವಷ್ಟೇ ಬೇಗ ಇಸಿಜಿ ಸಿಗುವುದು ಇನ್ನರ್ಧ. ಆ ಅರ್ಧವನ್ನು ಕೇಳುವವರು ಬೇಕು.

ಕರ್ನಾಟಕಕ್ಕೆ ಇದನ್ನು ಮಾಡಿ ತೋರಿಸಲು ಬೇರೆ ರಾಜ್ಯಗಳಿಗಿಲ್ಲದ ಅನುಕೂಲಗಳಿವೆ. ಮಾನಸಿಕ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯಿಂದ ಇಳಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ದೇಶಕ್ಕೆ ತೋರಿಸಿದ್ದು ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ಗುರುತಿಸಿ ವರ್ಷಗಟ್ಟಲೆ ಬೆನ್ನುಬಿಡದೆ ಚಿಕಿತ್ಸೆ ಕೊಟ್ಟ ನಿಮ್ಹಾನ್ಸ್‌ನ ಕೆಲಸವೂ ನಮ್ಮೆದುರಿಗಿದೆ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ಶುರುಮಾಡಿತು. ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ಅದು. ಅದೇ ಆಸ್ಪತ್ರೆಯ ಆವರಣದಲ್ಲಿ ಬಿಪಿ, ಶುಗರ್ ನೋಡುವ ಎನ್‌ಸಿಡಿ ಕ್ಲಿನಿಕ್ ಇದೆ, ಸಿಸ್ಟರ್ ಇದ್ದಾರೆ, ಬಿಪಿ ಯಂತ್ರ ಇದೆ, ಬೆರಳು ಚುಚ್ಚಿ ಶುಗರ್ ನೋಡುವ ಪಟ್ಟಿಗಳಿವೆ. ಎರಡು ಕೋಣೆಗಳ ನಡುವೆ ಒಂದು ಪಡಸಾಲೆ. ಹಳ್ಳಿಯಿಂದ ಬಸ್ಸು ಹಿಡಿದು ಬಂದು, ಒಂದು ಸಾಲಿನಲ್ಲಿ ಎರಡು ಗಂಟೆ ನಿಂತ ತಾಯಿ ತನ್ನ ಮಗನನ್ನು ಇನ್ನೊಂದು ಸಾಲಿಗೆ ಕರೆದೊಯ್ಯಲಾರಳು. ಅವನು ನಿಲ್ಲಲಾರ, ಕೊನೆಯ ಬಸ್ಸು ಕಾಯಲಾರದು. ಆದ್ದರಿಂದ ಪಡಸಾಲೆ ದಾಟಬೇಕಾದವರು ಸಿಸ್ಟರ್. ಮನೋವೈದ್ಯರ ಕೋಣೆಯ ಬಾಗಿಲಲ್ಲೇ ಒಂದು ಮೇಜು, ಒಂದು ಟೇಪು, ಒಂದು ತೂಕದ ಯಂತ್ರ, ಒಂದು ಬಿಪಿ ಯಂತ್ರ, ಚೀಟಿಯ ಮೇಲೆ ಅಂಕಿ ಬರೆಯಲು ಮುದ್ರಿಸಿದ ಜಾಗ. ಇಂಗ್ಲೆಂಡಿನಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ವರ್ಷಕ್ಕೊಮ್ಮೆ ಪೂರ್ತಿ ದೇಹದ ತಪಾಸಣೆಯನ್ನು ಮೇಲಿನಿಂದಲೇ ಗುರಿಯಾಗಿ ಇಟ್ಟು ಲೆಕ್ಕ ಕೇಳುತ್ತಾರೆ. ನಮ್ಮಲ್ಲೂ ಮೇಲಿನವರು ಕೇಳುವ ಲೆಕ್ಕಕ್ಕೆ ಇದು ಸೇರಬೇಕು. ತಿಂಗಳ ವರದಿಯಲ್ಲಿ ಎಷ್ಟು ಮನೋರೋಗಿಗಳನ್ನು ನೋಡಿದಿರಿ ಎಂಬ ಕಾಲಂ ಪಕ್ಕದಲ್ಲೇ, ಅವರಲ್ಲಿ ಎಷ್ಟು ಮಂದಿಯ ಸೊಂಟ ಅಳೆದಿರಿ, ಶುಗರ್ ನೋಡಿದಿರಿ ಎಂಬ ಇನ್ನೊಂದು ಕಾಲಂ ಇದ್ದರೆ ಕೆಲಸ ತಾನಾಗಿ ನಡೆಯುತ್ತದೆ.

ಇಲ್ಲಿ ಗಟ್ಟಿಯಾದ ಆಕ್ಷೇಪ ಒಂದಿದೆ, ಅದನ್ನು ಗೌರವದಿಂದ ಎದುರಿಸಬೇಕು. ನಮ್ಮ ದೇಶದಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಅದೇ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಕೋಣೆಯಲ್ಲಿ ಕೂಡಿಟ್ಟವರು, ದೇವಸ್ಥಾನ ದರ್ಗಾಗಳ ಅಂಗಳದಲ್ಲಿ ಬಿಟ್ಟವರು ಇನ್ನೂ ಇರುವಾಗ, ಮೊದಲು ಅವರಿಗೆ ಮಾತ್ರೆ ತಲುಪಿಸಿ, ಆಮೇಲೆ ಕೊಲೆಸ್ಟರಾಲ್ ನೋಡೋಣ ಎನ್ನುವವರ ಕಳಕಳಿ ನಿಜವಾದದ್ದು. ಆದರೆ ಅವರು ಕೇಳುವ ಮೊದಲ ಕೆಲಸಕ್ಕೂ ನಾನು ಕೇಳುವ ಎರಡನೆಯದಕ್ಕೂ ಪೈಪೋಟಿ ಇಲ್ಲ. ಮಾತ್ರೆ ನಿಲ್ಲಿಸುವವರಲ್ಲಿ ಬಹಳ ಮಂದಿ ನಿಲ್ಲಿಸುವುದು ಮೈ ಊದಿತು, ಸುಸ್ತಾಯಿತು ಎಂಬ ಕಾರಣಕ್ಕೇ. ತೂಕದ ಬಗ್ಗೆ ಮೊದಲೇ ಮಾತಾಡಿ, ಏರತೊಡಗಿದಾಗಲೇ ಮಾತ್ರೆ ಬದಲಿಸುವ ಕ್ಲಿನಿಕ್‌ಗೆ ಜನ ಮರಳಿ ಬರುತ್ತಾರೆ. ಇನ್ನೊಂದು ವಿಷಯವನ್ನೂ ಹೇಳಬೇಕು. ಇದುವರೆಗೆ ಚಿಕಿತ್ಸೆ ಸಿಗದ ಲಕ್ಷಾಂತರ ಮಂದಿಗೆ ಮುಂದಿನ ಹತ್ತು ವರ್ಷಗಳಲ್ಲಿ ನಾವು ಮಾತ್ರೆ ಕೊಡಲಿದ್ದೇವೆ, ಕೊಡಲೇಬೇಕು. ಅಳತೆಯ ವ್ಯವಸ್ಥೆ ಇಲ್ಲದೆ ಅದನ್ನು ಮಾಡಿದರೆ ಅಷ್ಟೂ ಮಂದಿಯನ್ನು ಶುಗರ್‌ನ ದಾರಿಗೆ ನಾವೇ ಹಚ್ಚಿದಂತಾಗುತ್ತದೆ. ವ್ಯವಸ್ಥೆ ಸಣ್ಣದಿರುವಾಗಲೇ ಅಭ್ಯಾಸ ಸರಿಯಾಗಿ ಬೇರೂರಬೇಕು.

ಅಳೆದು ಬರೆದಿಟ್ಟರೆ ಏನು ಬಂತು, ಮುಂದೆ ಮಾಡುವುದೇನು ಎಂದು ವೈದ್ಯರೇ ಕೇಳಬಹುದು. ಮಾಡಲು ಬೇಕಾದಷ್ಟಿದೆ. ತೂಕ ಅಷ್ಟಾಗಿ ಏರಿಸದ ಅರಿಪಿಪ್ರಜೋಲ್‌ನಂಥ ಔಷಧಗಳಿವೆ. ರೋಗ ಹತೋಟಿಯಲ್ಲಿರುವವರಿಗೆ ಎಚ್ಚರಿಕೆಯಿಂದ ಅದಕ್ಕೆ ಬದಲಿಸಬಹುದು. ಬದಲಿಸಲಾಗದವರಿಗೆ ಮೆಟ್‌ಫಾರ್ಮಿನ್ ತೂಕವನ್ನು ತಡೆಯುತ್ತದೆ ಎಂಬುದಕ್ಕೆ ಪ್ರಯೋಗಗಳ ಬಲವಿದೆ; ಸರ್ಕಾರಿ ಔಷಧಾಲಯದಲ್ಲಿ ಅತಿ ಅಗ್ಗಕ್ಕೆ ಸಿಗುವ ಮಾತ್ರೆಗಳಲ್ಲಿ ಅದೂ ಒಂದು. ಬಿಪಿ ಹೆಚ್ಚಿದ್ದರೆ ಬಿಪಿ ಮಾತ್ರೆಯನ್ನು ಅದೇ ಚೀಟಿಗೆ ಸೇರಿಸಿ, ಅದೇ ಕಿಟಕಿಯಲ್ಲಿ ಕೊಡಬಹುದು. ಮನೋವೈದ್ಯರು ಎಂಬಿಬಿಎಸ್ ಓದಿಯೇ ಬಂದವರು. ಬಿಪಿಗೆ ಮೊದಲ ಮಾತ್ರೆ ಬರೆಯಲು ಅವರಿಗೆ ಬೇರೆಯವರ ಅಪ್ಪಣೆ ಬೇಕಿಲ್ಲ. ಈ ಮಾತು ಹೇಳುವಾಗಲೇ ಇನ್ನೊಂದನ್ನೂ ಒತ್ತಿ ಹೇಳುತ್ತೇನೆ: ಅಳತೆ ಕಡ್ಡಾಯ ಆಗಬೇಕಾದದ್ದು ಆಸ್ಪತ್ರೆಗೆ, ರೋಗಿಗೆ ಅಲ್ಲ. ಮೈ ಮುಟ್ಟಲು ಬಿಡದ, ರಕ್ತ ಕೊಡಲು ಹೆದರುವ ರೋಗಿಗೆ ಅವತ್ತು ಮಾತ್ರೆ ಕೊಟ್ಟು ಕಳಿಸಿ, ಮುಂದಿನ ಸಲ ಮತ್ತೆ ಕೇಳಬೇಕು. ಪರೀಕ್ಷೆ ಇಲ್ಲದಿದ್ದರೆ ಮಾತ್ರೆ ಇಲ್ಲ ಎಂದು ಯಾರನ್ನೂ ಬಾಗಿಲಿನಿಂದ ವಾಪಸ್ ಕಳಿಸಬಾರದು. ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿದೆ. ಆ ತಂಡಗಳ ಕೈಗೆ, ಮನೋರೋಗದ ಮಾತ್ರೆ ತೆಗೆದುಕೊಳ್ಳುವವರ ಮನೆಗಳ ಪಟ್ಟಿಯನ್ನು ಗೋಪ್ಯತೆ ಕಾಯ್ದು ಕೊಡಬೇಕು. ಇವರ ವಿಷಯದಲ್ಲಿ 30 ವರ್ಷದ ಮಿತಿಯನ್ನು ತೆಗೆದುಹಾಕಬೇಕು.

ಕೊನೆಯದಾಗಿ ಎಣಿಕೆಯ ವಿಷಯ. ಫಿನ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಇಷ್ಟು ಖಚಿತವಾಗಿ ಮಾತಾಡಲು ಸಾಧ್ಯವಾದದ್ದು ಆಸ್ಪತ್ರೆಯ ದಾಖಲೆಯನ್ನು ಮರಣದ ದಾಖಲೆಗೆ ಜೋಡಿಸಿದ್ದರಿಂದ. ನಮ್ಮ ಮಂಗಳವಾರದ ರಿಜಿಸ್ಟರಿನಲ್ಲಿ ಬರುವುದನ್ನು ನಿಲ್ಲಿಸಿದ ರೋಗಿಯ ಹೆಸರಿನ ಮುಂದೆ ತಿಂಗಳ ಮನೆಗಳು ಖಾಲಿ ಉಳಿಯುತ್ತವೆ. ಮಾತ್ರೆ ಬೇಡವೆಂದು ಬಿಟ್ಟವನೂ, ಬೇರೆ ಊರಿಗೆ ಹೋದವನೂ, ರಾತ್ರಿ ಎದೆ ಹಿಡಿದುಕೊಂಡು ಸತ್ತವನೂ ಆ ಖಾಲಿ ಮನೆಗಳಲ್ಲಿ ಒಂದೇ ಥರ ಕಾಣುತ್ತಾರೆ. ಸತತ ಮೂರು ತಿಂಗಳು ಬಾರದವರ ಪಟ್ಟಿಯನ್ನು ಆಯಾ ಊರಿನ ಆಶಾ ಕಾರ್ಯಕರ್ತೆಗೆ ಕೊಟ್ಟು, ಆ ಕೆಲಸಕ್ಕೆ ತಕ್ಕ ಸಂಭಾವನೆಯನ್ನೂ ಕೊಟ್ಟು ಮನೆಗೆ ಕಳಿಸಬೇಕು. ಇದ್ದರೆ ತೂಕ, ಸೊಂಟ, ಬಿಪಿ ನೋಡಿ, ಮುಂದಿನ ಮಂಗಳವಾರಕ್ಕೆ ಕರೆದು ಬರಲಿ. ಇಲ್ಲದಿದ್ದರೆ, ಯಾವಾಗ ಹೋದರು, ಎಷ್ಟು ವಯಸ್ಸಾಗಿತ್ತು, ಕೊನೆಯ ದಿನ ಏನು ನೋವು ಎಂದಿದ್ದರು, ಯಾವ ಆಸ್ಪತ್ರೆಗೆ ಒಯ್ದಿದ್ದರು, ಅಲ್ಲಿ ಇಸಿಜಿ ತೆಗೆದರೇ ಎಂದು ಅಮ್ಮನನ್ನೋ ಅಣ್ಣನನ್ನೋ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಲಿ.